ಅಡುಗೆ ಸಹಾಯಕಿ ಒಳಗೆ ಬಂದರೆ ಮಕ್ಕಳು ಎದ್ದು ನಿಲ್ಲುವುದೇಕೆ?

ಮಾನ್ಯ ಕ್ಷೇಮಾಧಿಕಾರಿಗಳೇ,

ಪರದೇಶದಲ್ಲಿ ದುಡಿಯುವ ನಮ್ಮವರ ಕ್ಷೇಮ ನೋಡಿಕೊಳ್ಳಲೆಂದು ಸರ್ಕಾರ ನಿಮ್ಮನ್ನು ಇಲ್ಲಿ ಕೂರಿಸಿದೆ. ನೀವು ಕೂತಿದ್ದೀರಿ, ಅದರಲ್ಲಿ ಅನುಮಾನವಿಲ್ಲ. ನನ್ನ ನಾದಿನಿ, ಇಲ್ಲಿನ ಒಂದು ಖಾಸಗಿ ಶಾಲೆಯ ಇಂಗ್ಲಿಷ್ ಟೀಚರ್, ತನ್ನ ಕೋಣೆಗೆ ಶಾಲೆಯ ಮ್ಯಾನೇಜರ್ ಹೇಳದೆ ಕೇಳದೆ ಬೀಗ ತೆಗೆದು ನುಗ್ಗುತ್ತಾನೆ ಎಂದು ನಿಮಗೆ ದೂರು ಕೊಟ್ಟಳು. ನೀವು ಆ ದೂರನ್ನು ಅದೇ ಮ್ಯಾನೇಜರಿಗೆ ಕಳಿಸಿಕೊಟ್ಟಿರಿ. ಅದರ ಫಲವಾಗಿ, ಹನ್ನೊಂದು ವರ್ಷ ಪಾಠ ಹೇಳಿದ ಹೆಂಗಸು ಇವತ್ತು ಕಾಗದದ ಮೇಲೆ ಅಡುಗೆ ಸಹಾಯಕಿ, ಅದೂ ಕದ್ದು ಪಾಠ ಮಾಡಿ ಸಿಕ್ಕಿಬಿದ್ದ ಅಡುಗೆ ಸಹಾಯಕಿ. ಬರುವ ಬುಧವಾರ ಪರವಾನಗಿ ಕಚೇರಿಯಲ್ಲಿ ಅವಳ ವಿಚಾರಣೆ ಇದೆ. ಸೋತರೆ ಅವಳು ಈ ದೇಶ ಬಿಡಬೇಕು. ಬಿಡುವುದು ದೊಡ್ಡದಲ್ಲ. ಸುಳ್ಳು ಹೇಳಿ ಪಾಠ ಮಾಡಿದವಳು ಎಂಬ ಷರಾ ಹೊತ್ತು ಬಿಡಬೇಕು. ಆ ಷರಾ ಇರುವವರನ್ನು ನಮ್ಮೂರಿನ ಶಾಲೆಯೂ ಸೇರಿದಂತೆ ಯಾವ ಶಾಲೆಯೂ ಹೊಸಿಲು ದಾಟಲು ಬಿಡುವುದಿಲ್ಲ. ಪಾಠ ಹೇಳುವುದು ಬಿಟ್ಟರೆ ಅವಳಿಗೆ ಬೇರೆ ಏನೂ ಬರುವುದಿಲ್ಲ, ಬೇರೆ ಏನೂ ಬೇಕಾಗಿಯೂ ಇಲ್ಲ.

ಈ ವಿಷಯವಾಗಿ ಇಂಗ್ಲಿಷಿನಲ್ಲಿ ನಾನು ಬರೆದ ಪತ್ರಗಳಿಗೆ ನೀವು ಉತ್ತರ ಕೊಡಲಿಲ್ಲ. ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುವ ನನ್ನ ಇಂಗ್ಲಿಷ್ ನಿಮ್ಮ ತಲೆಗೆ ಹತ್ತಲಿಲ್ಲವೇನೋ. ಅದಕ್ಕೇ ಈ ಸಲ ಕನ್ನಡದಲ್ಲಿ, ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ. ಕನ್ನಡ ನಿಮಗೆ ಬರುತ್ತದೆ. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದ ದಿನ ನನ್ನ ಮಾತಿನ ಧಾಟಿ ಹಿಡಿದು, "ಓ, ನಮ್ಮವರಾ! ತುಂಬ ಸಂತೋಷ ಆಯ್ತಮ್ಮ. ಏನೇ ಕಷ್ಟ ಬಂದ್ರೂ ಮನೆಯವ್ರ ಹತ್ರ ಹೇಳ್ಕೊಂಡ ಹಾಗೆ ಹೇಳಿ" ಎಂದಿದ್ದಿರಿ. ಹೇಳಿಕೊಂಡೆವು. ಮನೆಯವರು ಮಾಡಿದ್ದೇನೆಂದು ಈಗ ಊರಿಗೆಲ್ಲ ತಿಳಿಯಲಿ.

ಆ ದಿನದ ಇನ್ನೊಂದು ಸಂಗತಿಯನ್ನೂ ನೆನಪಿಸಬೇಕು. ಕಾರ್ಯಕ್ರಮ ಶುರುವಾಗುವ ಮುಂಚೆ ಮ್ಯಾನೇಜರ್ ನಿಮ್ಮನ್ನು ತರಗತಿಗಳನ್ನು ತೋರಿಸಲು ಕರೆದುಕೊಂಡು ಹೋದ. ನನ್ನ ನಾದಿನಿಯ ತರಗತಿಗೆ ಹೋದಾಗ ಮಕ್ಕಳೆಲ್ಲ ಎದ್ದು ನಿಂತವು. ಏಳೆಂಟು ವರ್ಷದ ಮಕ್ಕಳು. ನೀವು ಕೈ ಬೀಸಿ "ಸಿಟ್ ಡೌನ್, ಸಿಟ್ ಡೌನ್" ಎಂದಿರಿ. ಒಂದೂ ಕೂರಲಿಲ್ಲ. ಮ್ಯಾನೇಜರ್ ಗದರಿದ, ಆಗಲೂ ಕೂರಲಿಲ್ಲ. ಆಮೇಲೆ ನನ್ನ ನಾದಿನಿ ಮೆಲ್ಲಗೆ "ಸಿಟ್ ಡೌನ್, ಚಿಲ್ಡ್ರನ್" ಎಂದಳು ನೋಡಿ, ಅಷ್ಟೂ ಬೆಂಚುಗಳು ಒಟ್ಟಿಗೆ ಕಿರುಗುಟ್ಟಿದವು. ನೀವು ನಕ್ಕು ಕಾರಣ ಕೇಳಿದಿರಿ. ಅವಳು ಹೇಳಿದಳು: "ಪಾಠ ಹೇಳೋರು ಹೇಳಿದ್ರೆ ಮಾತ್ರ ಕೂರ್ಬೇಕು ಅಂತ ಕಲ್ಸಿದೀನಿ ಸರ್. ಇಲ್ದಿದ್ರೆ ಬಾಗಿಲಲ್ಲಿ ಬಂದೋರೆಲ್ಲ ಮಕ್ಕಳ ಮೇಲೆ ಅಧಿಕಾರ ನಡೆಸ್ತಾರೆ." ನೀವು ಚಪ್ಪಾಳೆ ತಟ್ಟಿದಿರಿ. ವೇದಿಕೆಯ ಮೇಲೆ ಭಾಷಣದಲ್ಲೂ ಅದನ್ನೇ ಹೇಳಿ, "ಇಂಥ ಶಿಕ್ಷಕಿಯರೇ ನಮ್ಮ ದೇಶದ ನಿಜವಾದ ರಾಯಭಾರಿಗಳು" ಎಂದಿರಿ. ಆ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ನಮ್ಮ ವಾಸದ ಬಗ್ಗೆ ನಿಮಗೆ ಗೊತ್ತಿರಬೇಕು, ಗೊತ್ತಿಲ್ಲವೆಂದು ನಟಿಸುವುದೂ ನಿಮಗೆ ಗೊತ್ತು. ಕೆಳಗಿನ ಮಹಡಿಗಳಲ್ಲಿ ಶಾಲೆ, ಮೇಲಿನ ಮಹಡಿಯಲ್ಲಿ ನಾವು. ಒಂದು ಮಂಚ, ಒಂದು ಕುರ್ಚಿ, ತೆರೆದರೆ ಎದುರಿನ ಗೋಡೆ ಕಾಣುವ ಒಂದು ಕಿಟಕಿ. ಬಾಗಿಲಿಗೆ ಒಳಚಿಲಕವಿಲ್ಲ. ಎಲ್ಲ ಕೋಣೆಗಳ ಇನ್ನೊಂದು ಕೀಲಿ ಮ್ಯಾನೇಜರನ ಸೊಂಟದಲ್ಲಿ. ಅವನು ಬರುವಾಗ ಗೊಂಚಲು ಝಣಝಣ ಎನ್ನುತ್ತದೆ, ಅದೊಂದೇ ಅವನು ನಮಗೆ ಕೊಡುವ ಮುನ್ಸೂಚನೆ. ಬಂದರೆ ನೆಪ ಒಂದೇ: "ನಲ್ಲಿ ಸೋರ್ತಿದೆಯಾ ಅಂತ ನೋಡೋಕೆ ಬಂದೆ." ಯಾವ ನಲ್ಲಿ ಮಾರಾಯರೇ? ಸ್ನಾನ ಮಾಡಿ ಬಂದ ಹೆಂಗಸು ತಲೆ ಒರೆಸಿಕೊಳ್ಳುತ್ತಿರುವಾಗಲೇ ಸೋರುವ ನಲ್ಲಿಯನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ನನ್ನ ಕೋಣೆಯ ನಲ್ಲಿ ನಿಜವಾಗಿಯೂ ತೊಟ್ಟಿಕ್ಕುತ್ತದೆ, ಅದನ್ನು ನೋಡಲು ಅವನು ಒಮ್ಮೆಯೂ ಬರಲಿಲ್ಲ. ನನಗೆ ಐವತ್ತು ದಾಟಿದೆ, ಅದೇ ಕಾರಣವಿರಬೇಕು. ಬರೆಯುವಾಗಲೂ ಅಸಹ್ಯವಾಗುತ್ತದೆ.

ಈ ಕಥೆಯಲ್ಲಿ ಅವಳ ಕ್ಷೇಮ ನೋಡಿದವನು ಒಬ್ಬನೇ. ನಮ್ಮ ಶಾಲೆಯ ಗೇಟಿನ ಮೇಲೆ, ಬಸ್ಸುಗಳ ಬೆನ್ನಿನ ಮೇಲೆ ಪೋಸ್ಟರಿನಲ್ಲಿ ನಗುತ್ತಿರುತ್ತಾನಲ್ಲ, ಆ ಬಿಳಿಯ ಮೇಷ್ಟ್ರು. ನಾವು ಅವನನ್ನು ಪೋಸ್ಟರಪ್ಪ ಎನ್ನುತ್ತೇವೆ. ಇಂಗ್ಲಿಷ್ ಅವನ ಮನೆಮಾತು, ಮುಖವೂ ಅದಕ್ಕೆ ತಕ್ಕಂತಿದೆ, ಆದ್ದರಿಂದ ಅವನಿಗೆ ಈ ದೇಶ ಶಿಕ್ಷಕನ ಪರವಾನಗಿಯನ್ನು ಕಣ್ಣು ಮುಚ್ಚಿ ಕೊಟ್ಟಿದೆ. ಓದಿದ್ದೀಯಾ, ಕಲಿಸಿದ್ದೀಯಾ ಎಂದು ಯಾರೂ ಕೇಳಿಲ್ಲ. ಅವನೇ ನಾಚಿಕೊಂಡು ಹೇಳುತ್ತಾನೆ: "ಮೇಡಂ, ನಾನು ಬಡಗಿ. ಉಳಿ ಹಿಡಿಯೋಕೆ ಬರುತ್ತೆ, ಸೀಮೆಸುಣ್ಣ ಹಿಡಿಯೋಕೆ ಬರಲ್ಲ." ಅವನ ಪಾಠದ ತಯಾರಿಯನ್ನೆಲ್ಲ ನನ್ನ ನಾದಿನಿ ಮಾಡಿಕೊಡುತ್ತಿದ್ದಳು. ಅವಳ ಗೋಳು ತಿಳಿದ ದಿನ ಅವನು ಉಳಿ, ಸುತ್ತಿಗೆ ತಂದು ಅವಳ ಬಾಗಿಲಿಗೆ ಒಳಗಿನಿಂದ ಗಟ್ಟಿಯಾದ ಒಂದು ಅಗುಳಿ ಜಡಿದುಕೊಟ್ಟ. ಆ ವಾರ ಅವಳು ನಿಶ್ಚಿಂತೆಯಿಂದ ಸ್ನಾನ ಮಾಡಿದಳು. ಮುಂದಿನ ವಾರ ಮ್ಯಾನೇಜರ್ ಅದನ್ನು ಕೀಳಿಸಿ ಹಾಕಿದ. ಶಾಲೆಯ ಆಸ್ತಿಗೆ ಹಾನಿಯಂತೆ.

ಆಗಲೇ ಅವಳು ನಿಮಗೆ ದೂರು ಬರೆದದ್ದು. ಅದು ನಿಮ್ಮ ಮೇಜಿನಿಂದ ಹೊರಟು ಮ್ಯಾನೇಜರನ ಮೇಜಿಗೆ ಬಂತು, "ಸೂಕ್ತ ಕ್ರಮಕ್ಕಾಗಿ" ಎಂಬ ನಿಮ್ಮ ಸಹಿಯೊಂದಿಗೆ. ಅವನು ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಓದಿದ. ಕಳ್ಳನ ಮೇಲಿನ ದೂರನ್ನು ಕಳ್ಳನಿಗೇ ಕೊಟ್ಟು ವಿಚಾರಿಸಪ್ಪ ಎನ್ನುವ ಬುದ್ಧಿ ನಿಮಗೆ ಯಾವ ತರಬೇತಿಯಲ್ಲಿ ಬಂತು? ನಿಮಗೂ ಒಬ್ಬ ತಂಗಿಯೋ ಮಗಳೋ ಇದ್ದಿದ್ದರೆ, ಅವಳ ದೂರನ್ನೂ ಹೀಗೇ ಸಾಗಹಾಕುತ್ತಿದ್ದಿರಾ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ ನನಗೂ ಅರ್ಥವಾಗುತ್ತದೆ. ಆದರೆ ಇಲ್ಲಿ ನೀವು ಹಾವಿನ ಕೈಗೇ ಕೋಲು ಕೊಟ್ಟಿರಿ.

ಸೂಕ್ತ ಕ್ರಮ ಬೇಗನೆ ಆಯಿತು. ಅವಳ ಕೆಲಸದ ಪರವಾನಗಿ ನವೀಕರಣಕ್ಕೆ ಬಂದಿತ್ತು. ಇಲ್ಲಿ ಅದನ್ನು ಮಾಡಿಸಬೇಕಾದ್ದು ಶಾಲೆಯೇ, ನಾವು ಸಹಿ ಹಾಕಬೇಕಾದ್ದು ನಮಗೆ ಓದಲು ಬಾರದ ಲಿಪಿಯ ಕಾಗದಕ್ಕೆ. ಹೊಸ ಕಾರ್ಡ್ ಕೈಗೆ ಬಂದಾಗ ವೃತ್ತಿಯ ಜಾಗದಲ್ಲಿ ಇಂಗ್ಲಿಷಿನಲ್ಲೂ ಅಡುಗೆ ಸಹಾಯಕಿ ಎಂದಿತ್ತು. ಕೇಳಿದ್ದಕ್ಕೆ ಮ್ಯಾನೇಜರ್, "ಟೀಚರ್ ಕೋಟಾ ಮುಗ್ದಿತ್ತು. ಇದು ಬರೀ ಕಾರ್ಡು, ಕೆಲಸ ಅದೇ. ಬೇಡ ಅಂದ್ರೆ ಟಿಕೆಟ್ ತಗೊಳ್ಳಿ" ಎಂದ. ಹೀಗೆ ಕಾರ್ಡಿನಲ್ಲಿ ಮಾಲಿ, ಕ್ಲಾಸಿನಲ್ಲಿ ಮೇಷ್ಟ್ರು ಆಗಿರುವ ನಮ್ಮವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ನಿಮ್ಮ ಕಚೇರಿಯಲ್ಲಿ ಕೇಳಿದರೆ ಅಂಥವರು ಒಬ್ಬರೂ ಇಲ್ಲ.

ಸುದ್ದಿ ಊರಿಗೆ ಹೋದಾಗ ನನ್ನ ಅತ್ತೆ ಫೋನಿನಲ್ಲಿ ಮೊದಲು ನಕ್ಕುಬಿಟ್ಟರು. "ಇವಳನ್ನ ಅಡುಗೆಗೆ ಇಟ್ಕೊಂಡಿದಾರಾ? ಹಾಲು ಉಕ್ಕಿದ್ರೆ ಪುಸ್ತಕದಿಂದ ತಲೆ ಎತ್ತದವಳನ್ನ?" ನಿಜ, ನಮ್ಮ ಮನೆಯಲ್ಲಿ ಅವಳು ಮಾಡಿದ ಚಹಾ ಕುಡಿಯುವುದನ್ನು ಶಿಕ್ಷೆಯ ಲೆಕ್ಕದಲ್ಲೇ ಇಟ್ಟಿದ್ದೆವು. ಆಮೇಲೆ ಅತ್ತೆಯ ನಗು ನಿಂತಿತು. "ಅಡುಗೆ ಕೆಲಸ ಕೀಳಲ್ಲಮ್ಮ, ನಾನು ಜೀವಮಾನವೆಲ್ಲ ಮಾಡಿಲ್ವಾ? ಆದ್ರೆ ಅವಳು ಅದನ್ನ ಮಾಡ್ತಿಲ್ವಲ್ಲ. ಯಾಕೆ ಹಾಗೆ ಬರ್ಕೊಂಡ್ರು?" ಎಂದು ಕೇಳಿದರು. ಓದು ಬರೆಹ ಹೆಚ್ಚು ಬಾರದ ಆ ಮುದುಕಿಗೆ ಹೊಳೆದ ಪ್ರಶ್ನೆ ನಿಮ್ಮ ಇಡೀ ಕಚೇರಿಗೆ ಹೊಳೆಯಲಿಲ್ಲ.

ಇನ್ನು ತಪಾಸಣೆಯ ದಿನ. ಇಲ್ಲಿನ ಪರವಾನಗಿ ಕಚೇರಿಯ ತಪಾಸಣೆ ಬೀಗರು ಬಂದಂತೆ, ಮೊದಲೇ ಫೋನ್ ಮಾಡಿ ಬರುತ್ತದೆ. ಫೋನ್ ಬಂದ ಕೂಡಲೇ ನನ್ನ ನಾದಿನಿಯ ಕೈಯಿಂದ ಸೀಮೆಸುಣ್ಣ ಕಿತ್ತು ಏಪ್ರನ್ ಕೊಟ್ಟರು. ಪೋಸ್ಟರಪ್ಪನನ್ನು ಅವಳ ತರಗತಿಯ ಬೋರ್ಡಿನ ಮುಂದೆ ನಿಲ್ಲಿಸಿದರು. ತಪಾಸಣಾಧಿಕಾರಿ ಒಳಗೆ ಬಂದು ಕುರ್ಚಿಯಲ್ಲಿ ಕೂತ. ಮ್ಯಾನೇಜರನಿಗೆ ಅಷ್ಟಕ್ಕೇ ಸುಮ್ಮನಿರಲು ಆಗಲಿಲ್ಲ. ದೂರು ಕೊಟ್ಟವಳನ್ನು ಅವಳ ಮಕ್ಕಳ ಎದುರಿಗೇ ಇನ್ನೊಂದು ಮೆಟ್ಟಿಲು ಇಳಿಸಬೇಕಿತ್ತು. "ಚಹಾ ತಗೊಂಡು ಬಾ" ಎಂದು ಕೂಗಿದ. ನಾನು ಪಕ್ಕದ ತರಗತಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ಏಪ್ರನ್ ಕಟ್ಟಿಕೊಂಡು, ಟ್ರೇ ಹಿಡಿದು, ತಲೆ ತಗ್ಗಿಸಿ ಒಳಗೆ ಹೋದಳು.

ಮಕ್ಕಳೆಲ್ಲ ಎದ್ದು ನಿಂತವು.

"ಗುಡ್ ಮಾರ್ನಿಂಗ್, ಟೀಚರ್" ಎಂದು ಎಂದಿನಂತೆ ರಾಗವಾಗಿ ಎಳೆದು ಹೇಳಿದವು. ಮಕ್ಕಳಿಗೆ ಏಪ್ರನ್ ಕಾಣಲಿಲ್ಲ, ಅವರ ಟೀಚರ್ ಕಂಡಳು. ಮ್ಯಾನೇಜರನ ಮುಖ ಸುಣ್ಣವಾಯಿತು. "ಕೂತ್ಕೊಳ್ಳಿ!" ಎಂದು ಅರಚಿದ. ಕೂರಲಿಲ್ಲ. ತಪಾಸಣಾಧಿಕಾರಿ ಹೇಳಿದ, ಕೂರಲಿಲ್ಲ. ಪೋಸ್ಟರಪ್ಪ ಅಳುವ ದನಿಯಲ್ಲಿ ಬೇಡಿಕೊಂಡ. ಊಹುಂ. ಮೊದಲ ಬೆಂಚಿನ ಒಂದು ಹುಡುಗಿಗೆ ಕಾಲಿಗೆ ಪೆಟ್ಟಾಗಿ ಪಟ್ಟಿ ಕಟ್ಟಿದ್ದರು. ಅವಳೂ ಮೇಜು ಹಿಡಿದುಕೊಂಡು ನಿಂತೇ ಇದ್ದಳು. ನನ್ನ ನಾದಿನಿ ಬಾಯಿ ಬಿಟ್ಟರೆ ತಾನು ಮುಗಿದೆ ಎಂದು ಬಲ್ಲಳು. ಸುಮ್ಮನೆ ಹೊರಗೆ ಬಂದುಬಿಡೇ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಅವಳು ಆ ಹುಡುಗಿಯ ಕಾಲು ನೋಡಿದಳು. ಟ್ರೇಯನ್ನು ಮೇಜಿನ ಮೇಲಿಟ್ಟಳು. "ಸಿಟ್ ಡೌನ್, ಚಿಲ್ಡ್ರನ್" ಎಂದಳು.

ಎಲ್ಲ ಕೂತವು.

ತಪಾಸಣಾಧಿಕಾರಿ ಅವಳ ಕಾರ್ಡ್ ಕೇಳಿದ. ಮ್ಯಾನೇಜರ್ ಅಷ್ಟರಲ್ಲೇ ಚೇತರಿಸಿಕೊಂಡು, "ಈ ಹೆಂಗಸು ನಮಗೆ ಗೊತ್ತಿಲ್ಲದ ಹಾಗೆ ಮಕ್ಕಳಿಗೆ ಪಾಠ ಮಾಡ್ತಿದ್ಲು ಅಂತ ಈಗ ಗೊತ್ತಾಗ್ತಿದೆ ಸಾರ್, ನಮಗೂ ಆಶ್ಚರ್ಯ" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಶಾಲೆಗೆ ಒಂದು ಎಚ್ಚರಿಕೆಯೂ ಇಲ್ಲ. ಅವಳ ಕಾರ್ಡನ್ನು ಕಿತ್ತುಕೊಂಡರು, ಕೋಣೆಯನ್ನೂ ಖಾಲಿ ಮಾಡಿಸಿದರು. ಈಗ ಅವಳು ನನ್ನ ಕೋಣೆಯಲ್ಲಿದ್ದಾಳೆ. ಒಂದೇ ಮಂಚದಲ್ಲಿ ಅತ್ತಿಗೆ ನಾದಿನಿ. ಊರಲ್ಲಿ ಒಂದೇ ಹಜಾರದಲ್ಲಿ ಕೂತರೆ ಮಾತಿಗೆ ಮಾತು ಬೆಳೆಸುತ್ತಿದ್ದ ನಾವು ಇಲ್ಲಿ ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಒಬ್ಬರಿಗೊಬ್ಬರು ಕಾವಲಾಗಿ ಸ್ನಾನಕ್ಕೆ ಹೋಗುತ್ತೇವೆ. ಅವಳು ಅಳುವುದಿಲ್ಲ. "ಅತ್ತಿಗೆ, ಬಹುವಚನ ಅರ್ಧಕ್ಕೆ ನಿಂತಿದೆ, ಆ ಬಡಗಿ ಏನ್ ಹೇಳ್ಕೊಡ್ತಾನೋ" ಎನ್ನುತ್ತಾಳೆ. ನನಗೇ ಅಳು ಬರುತ್ತದೆ.

ಇಷ್ಟಾದ ಮೇಲೂ ನಿಮ್ಮಲ್ಲಿ ನಂಬಿಕೆ ಇಟ್ಟು ಫೋನ್ ಮಾಡಿದೆ. ಶಾಲೆಯಲ್ಲಿ ಆಕೆ ಶಿಕ್ಷಕಿಯೆಂದು ಕಣ್ಣಾರೆ ಕಂಡವರು, ವೇದಿಕೆಯ ಮೇಲೆ ನಿಂತು ಹೇಳಿದವರು ನೀವಲ್ಲವೇ? ವಿಚಾರಣೆಗೆ ಬಂದು ಅಷ್ಟನ್ನೇ ಹೇಳಿ ಎಂದೆ. ನೀವು ಬಹಳ ಸೌಜನ್ಯದಿಂದ ಉತ್ತರಿಸಿದಿರಿ: "ನೋಡಿ ಅಮ್ಮ, ನಾನು ಆವತ್ತು ಅತಿಥಿಯಾಗಿ ಬಂದಿದ್ದೆ. ಅತಿಥಿಯಾಗಿ ಹೋದ ಮನೆ ವಿಷಯದಲ್ಲಿ ಸಾಕ್ಷಿ ಹೇಳೋದು ಚೆನ್ನಾಗಿರಲ್ಲ. ಎರಡು ದೇಶಗಳ ಸೌಹಾರ್ದದ ಪ್ರಶ್ನೆ." ಎಂಥ ಮಾತು! ಉಂಡ ಮನೆಯ ಜಂತೆ ಎಣಿಸಬಾರದೆಂಬ ನಿಯತ್ತು ನಿಮಗಿದೆ, ಸರಿ. ಆದರೆ ನಿಮಗೆ ಸಂಬಳ ಕೊಡುವ ಮನೆ ಯಾವುದು, ಆ ಶಾಲೆಯೋ, ನಾವೋ? ಒಂದು ಹೂಗುಚ್ಛ, ಒಂದು ಮೆತ್ತನೆಯ ಸೋಫಾ, ಅಷ್ಟಕ್ಕೇ ನೀವು ಕಂಡದ್ದನ್ನು ಕಾಣಲಿಲ್ಲ ಎನ್ನುವಿರಾದರೆ, ಆ ಮ್ಯಾನೇಜರನಿಗಿಂತ ನಿಮ್ಮ ಬಗ್ಗೆಯೇ ನನಗೆ ಹೆಚ್ಚು ಹೇಸಿಗೆ. ಅವನು ಕೀಲಿ ಹಾಕಿ ಬಾಗಿಲು ತೆರೆದ. ಅವನು ತೆರೆಯುತ್ತಾನೆಂದು ತಿಳಿದ ಮೇಲೂ ನೀವು ಅತ್ತ ಮುಖ ತಿರುಗಿಸಿ ಕೂತಿರಿ.

ಪೋಸ್ಟರಪ್ಪ ಸಾಕ್ಷಿಗೆ ಬರುತ್ತೇನೆ ಎಂದಿದ್ದಾನೆ. ಬಂದರೆ ಅವನ ಕೆಲಸ ಹೋಗುತ್ತದೆ. "ಹೋಗ್ಲಿ ಬಿಡಿ ಮೇಡಂ, ನನಗೆ ಮರ ಇದೆ" ಎಂದ. ಆದರೆ ಜೊತೆಗೆ ಕೆಲಸ ಮಾಡುವವರ ಮಾತು, ಬಂಧುಗಳ ಮಾತು ಅಲ್ಲಿ ಅರ್ಧ ತೂಕದ್ದಂತೆ. ಪೂರ್ತಿ ತೂಕದ್ದು ನಿಮ್ಮಂಥ ಅಧಿಕಾರಿಯ ಒಂದು ವಾಕ್ಯ. ನಾನು ದೊಡ್ಡದೇನೂ ಕೇಳುತ್ತಿಲ್ಲ. ಕಾನೂನು ಬದಲಿಸಿ ಎನ್ನುತ್ತಿಲ್ಲ, ಎರಡು ದೇಶಗಳ ಸೌಹಾರ್ದ ಕೆಡಿಸಿ ಎನ್ನುತ್ತಿಲ್ಲ. ಬುಧವಾರ ಬೆಳಿಗ್ಗೆ ಪರವಾನಗಿ ಕಚೇರಿಗೆ ಬನ್ನಿ. "ಈಕೆ ಶಿಕ್ಷಕಿ, ಇದನ್ನು ಶಾಲೆಯವರೇ ನನಗೆ ತೋರಿಸಿದರು" ಎಂದು ಹೇಳಿ. ಅವಳ ದೂರನ್ನು ಯಾರಿಗೆ ಕಳಿಸಿದಿರೆಂಬುದನ್ನೂ ಹೇಳಿದರೆ ಇನ್ನೂ ಒಳ್ಳೆಯದು, ಆದರೆ ಅಷ್ಟು ಧೈರ್ಯವನ್ನು ನಿಮ್ಮಿಂದ ನಾನು ನಿರೀಕ್ಷಿಸುವುದಿಲ್ಲ.

ಆ ಕಚೇರಿಯಲ್ಲಿ ಒಂದು ಪದ್ಧತಿ ಇದೆಯಂತೆ. ವಿಚಾರಣೆಗೆ ಬಂದವರು ಒಳಗಿನವರು ಹೇಳುವ ತನಕ ನಿಂತೇ ಇರಬೇಕು. ಬುಧವಾರ ಅವಳು ನಿಂತಿರುತ್ತಾಳೆ. ಬಾಗಿಲಲ್ಲಿ ನಿಮ್ಮನ್ನು ಕಂಡು ಮಕ್ಕಳು ಎದ್ದು ನಿಂತಾಗ ಅವರನ್ನು ಕೂರಿಸಲು ನಿಮ್ಮಿಂದ ಆಗಲಿಲ್ಲ, ಅವಳಿಂದ ಆಯಿತು. ಈಗ ಅವಳನ್ನು ಕೂರಿಸಲು ನಿಮ್ಮಿಂದ ಮಾತ್ರ ಆಗುತ್ತದೆ. ಬಂದು ಹೇಳಿ.

ಇಂತಿ, ಇನ್ನೂ ನಿಮ್ಮ ಕ್ಷೇಮದ ವ್ಯಾಪ್ತಿಯಲ್ಲೇ ಬದುಕಿರುವ,
ಪಕ್ಕದ ತರಗತಿಯ ಇಂಗ್ಲಿಷ್ ಟೀಚರ್
(ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ಬಹುಶಃ ತೋಟದ ಮಾಲಿ)