ಕ್ಯಾಮೆರಾ ಆರಿಸಿ ಕೂತ ಆರು ಶನಿವಾರಗಳು

ಗೌರವಾನ್ವಿತ ಸರ್,

‘ಗೌರವಾನ್ವಿತ’ ಎಂಬುದು ಅಭ್ಯಾಸಬಲದಿಂದ ಬಂದುಬಿಟ್ಟಿತು. ಹೊಡೆದುಹಾಕುವುದಿಲ್ಲ, ಇರಲಿ.

ವಕೀಲರಿಗೆ ನಡೆಯುವ ಕಂಪ್ಯೂಟರ್ ಕಾನೂನು ತರಬೇತಿಯನ್ನು ಈ ಸಲ ನೀವೇ ಉದ್ಘಾಟಿಸುತ್ತೀರಂತೆ. “ಹತ್ತು ನಿಮಿಷದ ಭಾಷಣ ಬರ್ಕೊಡಮ್ಮ, ಸ್ವಲ್ಪ ಭಾರಿಯಾಗಿರ್ಲಿ” ಎಂದಿರಿ. ಬರೆಯಲು ಕೂತೆ. ಮೊದಲ ಸಾಲು ಬರೆದು ಹರಿದು ಹಾಕಿದೆ. ಭಾಷಣ ನನ್ನಿಂದಾಗದು, ಅದರ ಬದಲು ಇದನ್ನು ಓದಿ.

ಎರಡು ವರ್ಷದ ಹಿಂದೆ ಇದೇ ತರಬೇತಿ ಕಡ್ಡಾಯವಾದಾಗ ನೀವು ಉರಿದುಬಿದ್ದದ್ದು ನೆನಪಿದೆಯೇ? “ಮೂವತ್ತು ವರ್ಷ ಕೋರ್ಟಲ್ಲಿ ಗಂಟಲು ಹರ್ಕೊಂಡಿದೀನಿ, ಇವ್ರು ನನಗೆ ಮೌಸ್ ಹಿಡಿಯೋದು ಕಲಿಸ್ತಾರಾ?” ಕೊನೆಗೆ ಉಪಾಯವೂ ನಿಮ್ಮದೇ. ಪಾಠವೆಲ್ಲ ಪರದೆಯ ಮೇಲೆ ತಾನೇ, ಯಾರು ಕೂತರೇನು? ಆರು ಶನಿವಾರ ಆಫೀಸಿನ ಹಿಂದಿನ ಕೋಣೆಯಲ್ಲಿ, ದೂಳು ಹಿಡಿದ ಫೈಲುಗಳ ನಡುವೆ, ಕ್ಯಾಮೆರಾ ಆರಿಸಿಕೊಂಡು ನಿಮ್ಮ ಹೆಸರಿನಲ್ಲಿ ನಾನು ಕೂತೆ. ಪರೀಕ್ಷೆಯಲ್ಲಿ ನೀವು ನೂರಕ್ಕೆ ತೊಂಬತ್ತೆರಡು ತೆಗೆದಿರಿ. ಪಾಠ ಮಾಡಿದವರು ನಿಮ್ಮ ಹೆಸರು ಹಿಡಿದು ಹೊಗಳಿದರು. ನಾಚಿಕೆಗೆಟ್ಟ ನಾನು ಅದಕ್ಕೂ ಹಿಗ್ಗಿದೆ.

ಫೋನಿಗೆ ಬಂದ ಸಂದೇಶ ಸಾಕ್ಷಿಯಾಗಬೇಕಾದರೆ ಆ ಫೋನನ್ನೇ ಜೋಪಾನ ಮಾಡಿ, ಬರೀ ಪ್ರಿಂಟ್ ನಂಬಿ ಕೂರಬೇಡಿ ಎಂದು ಹೇಳಿಕೊಟ್ಟದ್ದು ಮೂರನೆಯ ಶನಿವಾರ. ಟಿಪ್ಪಣಿ ಮಾಡಿ ನಿಮ್ಮ ಮೇಜಿನ ಮೇಲಿಟ್ಟೆ. “ನೀನು ನನ್ನ ಜೂನಿಯರ್ರೋ, ನಾನು ನಿನ್ನ ಜೂನಿಯರ್ರೋ?” ಎಂದು ಗುಮಾಸ್ತರ ಎದುರಿಗೇ ಕೇಳಿದಿರಿ. ಅವರು ನಕ್ಕರು. ಅಂದಿನಿಂದ ನನ್ನ ಬಾಯಿಗೆ ಬೀಗ ಬಿತ್ತು.

ಆಮೇಲೆ, ಮಗಳು ತನ್ನ ಬಳಿಯೇ ಇರಬೇಕೆಂಬ ಕೇಸು ಹಿಡಿದು ಬಂದವಳು ಆ ಟೈಲರ್ ಹೆಂಗಸು. ಬಿಟ್ಟುಹೋದ ಗಂಡ, ಮಗಳನ್ನು ಎತ್ತಿಕೊಂಡು ಹೋಗಿ ಕಣ್ಣಿಗೂ ಕಾಣದಂತೆ ಮಾಡುತ್ತೇನೆಂದು ಕಳಿಸಿದ್ದ ಸಂದೇಶಗಳೆಲ್ಲ ಅವಳ ಗಾಜೊಡೆದ ಫೋನಿನಲ್ಲಿದ್ದವು. ನೀವು ಪ್ರಿಂಟ್ ತೆಗೆಸಿದಿರಿ. ಈ ಒಡೆದ ಫೋನ್ ಅಂಗಡಿಗೆ ಕೊಟ್ಟು ಹೊಸದು ತಗೊಳ್ಳಬಹುದೇ ಎಂದು ಅವಳು ಕೇಳಿದಳು. “ಪ್ರಿಂಟ್ ಬಂತಲ್ಲಮ್ಮ, ಆ ಡಬ್ಬಾ ಇಟ್ಕೊಂಡು ಏನ್ ಮಾಡ್ತೀಯ?” ಎಂದಿರಿ. ನಾನು ಎರಡು ಮಾರು ದೂರದಲ್ಲಿ ಫೈಲ್ ಹಿಡಿದು ನಿಂತಿದ್ದೆ. ತುಟಿಪಿಟಿಕ್ಕೆನ್ನಲಿಲ್ಲ.

ಅವಳು ಫೋನ್ ಕೊಟ್ಟುಬಿಟ್ಟಳು. ಕೋರ್ಟಿನಲ್ಲಿ ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಈ ಸಂದೇಶ ಬಂದ ಫೋನ್ ಎಲ್ಲಿ? ಪ್ರಿಂಟುಗಳು ಕಸವಾದವು, ಮಗಳು ಅಪ್ಪನ ಪಾಲಾದಳು. ಕಾರಿಡಾರಿನಲ್ಲಿ ನೀವು ಅವಳಿಗೆ, “ಫೋನ್ ಕಳೆದವಳು ನೀನು, ನಾನೇನ್ ಮಾಡ್ಲಿ?” ಎಂದಿರಿ. ಅವಳು ಅದನ್ನು ನಂಬಿದಳು. ಎಲ್ಲ ತನ್ನ ದಡ್ಡತನ ಎಂದು ಹಣೆ ಚಚ್ಚಿಕೊಂಡಳು. ಕೇಸು ಸೋತದ್ದಕ್ಕಿಂತ ಅದು ನನ್ನ ಹೊಟ್ಟೆ ಉರಿಸುತ್ತದೆ, ಸರ್. ನಿಮ್ಮನ್ನು ಕ್ಷಮಿಸಲು ಆಗುತ್ತಿಲ್ಲ.

ಮೇಲ್ಮನವಿಗೆ ಸೋಮವಾರ ಕಡೇ ದಿನ. ಗಂಡನ ಫೋನನ್ನೇ ತರಿಸಿ ನೋಡಿ ಎಂದು ಕೋರ್ಟನ್ನು ಕೇಳಬಹುದು. ಆದರೆ ಅವಳು ತನ್ನ ಫೋನ್ ಬಿಟ್ಟುಕೊಟ್ಟದ್ದು ನಿಮ್ಮ ಮಾತು ಕೇಳಿ ಎಂದು ನೀವು ಅಫಿಡವಿಟ್ ಕೊಡಬೇಕು. ಬರೆದು ತಂದರೆ, “ನನ್ನ ಮರ್ಯಾದೆ ಏನಾಗ್ಬೇಕು?” ಎಂದು ಅತ್ತ ತಳ್ಳಿದಿರಿ. ಹಾಗಾಗಿ ನನ್ನದನ್ನು ಸಲ್ಲಿಸುತ್ತಿದ್ದೇನೆ. ನೀವು ಹೇಳಿದ್ದು, ನಾನು ಕೇಳಿಸಿಕೊಂಡದ್ದು, ಅದು ತಪ್ಪೆಂದು ನನಗೆ ಹೇಗೆ ಗೊತ್ತಿತ್ತು, ಯಾರ ಹೆಸರಿನಲ್ಲಿ ಕೂತು ಕಲಿತೆ, ಎಲ್ಲ ಅದರಲ್ಲಿದೆ. ನನ್ನ ವಕೀಲಿ ಸನ್ನದು ಹೋಗಬಹುದು. ನಿಮ್ಮದೂ ಹೋದರೆ ನಾನು ಅಳುವುದಿಲ್ಲ.

ಇವತ್ತು ಬೆಳಿಗ್ಗೆ ಅವಳ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಮಿಷನ್ ನಿಲ್ಲಿಸಿ ಕೇಳಿಸಿಕೊಂಡಳು. ಅಳುತ್ತಾಳೆ, ನಿಮ್ಮನ್ನು ಶಪಿಸುತ್ತಾಳೆ, ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದೆಲ್ಲ ಅಂದುಕೊಂಡು ಹೋಗಿದ್ದೆ. “ನಾನು ಕೇಳ್ದಾಗ ನೀವು ಅಲ್ಲೇ ಇದ್ರಿ ಅಲ್ವಾ?” ಎಂದಳು. ಹೌದೆಂದೆ.

“ಅವ್ರಿಗೆ ಗೊತ್ತಿರ್ಲಿಲ್ಲ ಮೇಡಂ. ನಿಮಗೆ ಗೊತ್ತಿತ್ತು.”

ಅಷ್ಟು ಹೇಳಿ ಮತ್ತೆ ಹೊಲಿಯತೊಡಗಿದಳು.

ಆರೋಗ್ಯ ನೋಡಿಕೊಳ್ಳಿ ಸರ್. ಮುಂದೆ ನಿಮಗೆ ಸಿಗುವ ಜೂನಿಯರ್ ಮಹಾ ಬಾಯಿಬಡುಕಿಯಾಗಿರಲಿ ಎಂದು ಹಾರೈಸುತ್ತೇನೆ.

ಇಂತಿ,
ನಿಮ್ಮ ಮಾತಿಗೆ ಎದುರಾಡದಿದ್ದವಳು