ಎಳ್ಳುಕಾಳಿನಷ್ಟು ಶನಿ

ಅಪ್ಪಾ,

ನಿನ್ನೆ ನಿನ್ನ ತಮ್ಮ ಬಂದಿದ್ದರು. ಕಾಕಾ ಅಂಗಳದಲ್ಲೇ ನಿಂತು, ನೀನು ಕೆಟ್ಟ ನಕ್ಷತ್ರದಲ್ಲಿ ತೀರಿಕೊಂಡಿದ್ದೀ, ಮನೆಗೆ ಬೀಗ ಹಾಕಿ ಕೆಲವು ತಿಂಗಳು ಬೇರೆ ಕಡೆ ಇರಬೇಕು ಎಂದರು. ಅವ್ವ ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟತೊಡಗಿದಳು. ನಾನು ಬಿಚ್ಚಿದೆ. ನನಗೆ ಸೊಕ್ಕು ಎಂದು ಬೈದು ಕಾಕಾ ಹೊರಟುಹೋದರು. ಸತ್ತವನಿಗೆ ಈ ಜಗಳ ಯಾಕೆ ಹೇಳುತ್ತೀ ಎನ್ನಬೇಡ. ಗ್ರಹ, ನಕ್ಷತ್ರ ಎಂದು ನಾವಿಬ್ಬರೂ ಆಡುತ್ತಿದ್ದ ವಾದ ಮುಗಿಯುವ ಮೊದಲೇ ಎದ್ದು ಹೋದವನು ನೀನು.

ಶನಿವಾರಗಳು ನೆನಪಾಗುತ್ತವೆ. ಕಾಗದದ ಕಾರ್ಖಾನೆಯಲ್ಲಿ ಇಡೀ ದಿನ ಬಿದಿರು ಹೊತ್ತು, ಮೈತುಂಬ ಧೂಳಾಗಿ ಬಂದು, ನೀನು ಉಪವಾಸದಲ್ಲೇ ಎಳ್ಳೆಣ್ಣೆಯ ದೀಪ ಹಚ್ಚುತ್ತಿದ್ದೆ. ಬೆನ್ನು ಹಿಡಿದುಕೊಂಡರೆ ಶನಿಯ ಕಾಟ. ನನ್ನ ಮದುವೆ ಕೂಡಿಬರದಿದ್ದರೆ ಗುರುಬಲ ಇಲ್ಲ. ನಿನ್ನ ಬೆನ್ನು ಹಿಡಿದದ್ದು ಬಿದಿರಿನ ಹೊರೆ ಎಂದು ಎಷ್ಟು ಸಲ ಹೇಳಿದೆ? ಒಂದು ದಿನವಾದರೂ ಕೇಳಿದೆಯಾ?

ಎಂಟು ಗ್ರಹಗಳು ಒಂದೇ ರಾಶಿಗೆ ಬರುತ್ತವೆ, ಲೋಕ ಮುಳುಗುತ್ತದೆ ಎಂದು ದಾಂಡೇಲಿಯೆಲ್ಲ ಹೆದರಿದ ಆ ವಾರವನ್ನು ನೀನು ಮರೆತಿರಲಾರೆ. ಅದೇ ವಾರ ನಾನು ಕುಂಬಾರವಾಡದ ಶಾಲೆಯಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. ಹೋಗದಿದ್ದರೆ ಕೆಲಸ ಬೇರೆಯವರ ಪಾಲು. ನೀನು ಬಾಗಿಲಿಗೆ ಅಡ್ಡ ನಿಂತೆ. ನಾನು ಟ್ರಂಕು ಎತ್ತಿಕೊಂಡೆ. ನೀನು ಒಳಗೆ ಹೋಗಿ, ಪೂಜೆಗೆಂದು ತಂದಿಟ್ಟ ನವಧಾನ್ಯದ ಗಂಟನ್ನು ಬಗಲಲ್ಲಿಟ್ಟುಕೊಂಡು ಬಂದೆ.

“ಮುಳುಗೂದ ಆದ್ರ ಕೂಡೇ ಮುಳುಗೂಣು, ನಡಿ,” ಅಂದೆ.

ಶಾಲೆಯಲ್ಲಿ ಮಕ್ಕಳೂ ಹೆದರಿ ಕೂತಿದ್ದರು. ಅದಕ್ಕೇ ನಾನು ಮೊದಲ ಪಾಠಕ್ಕೆ ಗ್ರಹಗಳನ್ನೇ ಆರಿಸಿಕೊಂಡೆ. ಹಿಂದೆ ಕೂತಿದ್ದ ನೀನು ತಡೆಯಲಾರದೆ ಎದ್ದು ಬಂದು, ಗಂಟು ಬಿಚ್ಚಿ, ಮೇಜಿನ ಮೇಲೆ ಒಂಬತ್ತು ಗುಂಪು ಮಾಡಿದೆ. ಮಂಗಳನಿಗೆ ತೊಗರಿ, ಗುರುವಿಗೆ ಕಡಲೆ, ಶನಿಗೆ ಎಳ್ಳು... ಸಲ್ಲುವ ಕಾಳು ಎಷ್ಟು ದೊಡ್ಡದೋ ಗ್ರಹವೂ ಅದಕ್ಕೆ ತಕ್ಕಷ್ಟೇ ದೊಡ್ಡದು ಎಂದು ಜೀವಮಾನವೆಲ್ಲ ನಂಬಿದ್ದೆಯಲ್ಲ!

“ಎಲ್ಲಾರಕಿಂತ ಸಣ್ಣಾಂವ ಶನಿ. ಅದಕ್ಕ ಎಲ್ಲಿ ಬೇಕಾದಲ್ಲಿ ಹೊಕ್ಕೋತಾನ,” ಎಂದು ಮಕ್ಕಳಿಗೆ ಹೇಳಿದೆ.

ನನಗೆ ರೇಗಿತು. ಒಂದು ತೊಗರಿಕಾಳು ಎತ್ತಿ ಹಿಡಿದು, ಇದು ನಮ್ಮ ಭೂಮಿ ಎಂದುಕೊಳ್ಳಿ ಅಂದೆ. ಮಂಗಳ ಇದರ ಅರ್ಧ, ಎಳ್ಳು ಸಲ್ಲಬೇಕಾದದ್ದು ಅವನಿಗೆ. ಶನಿಗೆ ಶಾಲೆಯ ಹಿತ್ತಲಿನ ನಿಂಬೆಹಣ್ಣನ್ನೇ ತರಿಸಬೇಕಾಯಿತು. ಗುರು ಅದಕ್ಕಿಂತ ದಪ್ಪ, ಆದರೆ ಕಾಲೂರಲು ನೆಲವೇ ಇಲ್ಲ, ಬರೀ ಗಾಳಿ. ನನ್ನ ಮದುವೆಗೆ ನೀನು ಕಾದದ್ದು ಇವನ ಬಲಕ್ಕೆ! ಬುಧನಲ್ಲಿ ಉಸಿರಿಗೂ ಗಾಳಿಯಿಲ್ಲ. ಶುಕ್ರ ಮೋಡ ಹೊದ್ದುಕೊಂಡು ರೊಟ್ಟಿಯ ಹಂಚಿಗಿಂತ ಹೆಚ್ಚು ಕಾಯ್ದು ಕೂತಿದ್ದಾನೆ ಎಂದು ನಾನು ಓದಿದ್ದು ಆಮೇಲೆ. ಒಬ್ಬರಂತೆ ಒಬ್ಬರಿಲ್ಲ, ಒಬ್ಬರಿಗೂ ನಮ್ಮ ಮನೆಯ ವಿಳಾಸ ಗೊತ್ತಿಲ್ಲ.

ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ನಿನ್ನ ಒಂಬತ್ತು ಗುಂಪುಗಳಲ್ಲಿ ಭೂಮಿ ಯಾವುದು ಎಂದು ನಿನ್ನನ್ನೇ ಕೇಳಿದಳು. ನೀನು ಹುಡುಕಿದೆ. ರಾಹುವಿಗೆ ಉದ್ದು ಇತ್ತು, ಕೇತುವಿಗೆ ಹುರುಳಿ ಇತ್ತು. ನಾವು ನಿಂತಿದ್ದ ನೆಲಕ್ಕೆ ಒಂದು ಕಾಳೂ ಇರಲಿಲ್ಲ. ನೀನು ಹಿಂದೆ ಹೋಗಿ ಕೂತೆ.

ಲೋಕವೇನೂ ಮುಳುಗಲಿಲ್ಲ. ಹಿಂದಿರುಗುವ ಬಸ್ಸು ಹತ್ತುವಾಗ ನೀನು ಆ ನಿಂಬೆಹಣ್ಣನ್ನು ಕಿಸೆಗೆ ಹಾಕಿಕೊಂಡದ್ದನ್ನು ನಾನು ನೋಡಿದೆ. ಒಪ್ಪಿಕೊಂಡಿದ್ದೆಯಾ? ಶನಿವಾರದ ದೀಪವನ್ನಂತೂ ಬಿಡಲಿಲ್ಲ. ಒಂದು ಮಾತು ಹೇಳುವುದು ಉಳಿದೇ ಹೋಯಿತು. ಶನಿ ಅಷ್ಟು ದೊಡ್ಡವನಾದರೂ ಎಷ್ಟು ಹಗುರ ಎಂದರೆ, ಅವನು ಹಿಡಿಸುವಂಥ ಕೆರೆಯಿದ್ದರೆ ಬಿದಿರಿನಂತೆ ತೇಲುತ್ತಾನಂತೆ. ಅಂಥವನನ್ನು ಬೆನ್ನ ಮೇಲೆ ಭಾರವೆಂದು ಹೊತ್ತು ತಿರುಗಿದೆಯಲ್ಲ ಅಪ್ಪಾ... ನನಗೆ ಇನ್ನೂ ಸಿಟ್ಟು ಬರುತ್ತದೆ. ಅಳುವೂ ಬರುತ್ತದೆ.

ಈಗ ಇವತ್ತಿನ ಸುದ್ದಿ ಕೇಳು. ಬೆಳಿಗ್ಗೆ ಕಾಕಾ ಹೊಸ ಬೀಗವನ್ನೇ ಹಿಡಿದು ಬಂದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೊಸ್ತಿಲಿಗೆ ಬಂದು ನಿಂತಳು.

“ಲೋಕ ಮುಳುಗತೈತಿ ಅಂದಾಗ ಅವರು ಮನಿಯಾಗ ಅಡಗಿ ಕೂಡಲಿಲ್ಲ, ಮಗಳ ಕೂಡ ಹೋದ್ರು. ಅವರು ಕಟ್ಟಿದ ಮನಿ ಇದು. ಅವರ ನಕ್ಷತ್ರಕ್ಕ ಅಂಜಿ ನಾ ಬಿಡಲೇನು?”

ಕಾಕಾ ಬೀಗವನ್ನು ವಾಪಸು ಒಯ್ದರು. ಅವ್ವ ಒಲೆ ಹೊತ್ತಿಸಿ, ಶನಿಗೆಂದು ನೀನು ತೆಗೆದಿಟ್ಟಿದ್ದ ಎಳ್ಳನ್ನೆಲ್ಲ ಹುರಿದು ಚಟ್ನಿಪುಡಿ ಕುಟ್ಟಿದಳು. ಇವತ್ತು ಶನಿವಾರ. ಬಾಗಿಲು ಹಾರುಹೊಡೆದು, ಇಬ್ಬರೂ ಹೊಟ್ಟೆತುಂಬ ರೊಟ್ಟಿ ತಿಂದೆವು.