ಬಯಲಲ್ಲಿ ಹೋದ ರಿಪೋರ್ಟುಗಳು

ಗಿರಿಜಕ್ಕ,

ನೀವು ಹೋದ ಮೇಲೆ ನಮ್ಮ ಲ್ಯಾಬಿನಲ್ಲಿ ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಚಿತ್ರದುರ್ಗಕ್ಕೆ ಹೊಸ ಸರ್ವರ್ ಬಂದ ದಿನ ನೆನಪಿದೆಯಾ? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಶಾಖೆಗಳ ರಕ್ತಪರೀಕ್ಷೆ ರಿಪೋರ್ಟುಗಳೆಲ್ಲ ಅದಕ್ಕೇ ಬರಬೇಕಿತ್ತು. ದಾರಿಯಲ್ಲಿ ಯಾರೂ ಓದದಂತೆ ಎನ್‌ಕ್ರಿಪ್ಶನ್ ಹಾಕಿದೆವು. ಹೊಳಲ್ಕೆರೆಯ ಹಳೇ ಕಂಪ್ಯೂಟರಿಗೆ ಅದು ಒಗ್ಗಲಿಲ್ಲ, ಕೆಲಸ ನಿಂತಿತು. ನಾನು ಸೆಟ್ಟಿಂಗ್ ಸಡಿಲ ಮಾಡಿದೆ. ಎನ್‌ಕ್ರಿಪ್ಶನ್ ಆದರೆ ಸರಿ, ಆಗದಿದ್ದರೆ ಹಾಗೇ ಹೋಗಲಿ ಅಂತ. ನೀವು ಬೆನ್ನ ಹಿಂದೆಯೇ ನಿಂತಿದ್ದಿರಿ.

“ಲೇ ತಿಪ್ಪೇಶ, ಹಂಗೇ ಹೋದ್ರೆ ನಮಗೆ ಗೊತ್ತಾಗ್ತೈತೇನೋ?”

“ಇಲ್ಲಕ್ಕ. ಎಲ್ಲಾ ಮಾಮೂಲಿನಂಗೇ ಕಾಣ್ತೈತೆ.”

“ಅದಕ್ಕೇ ಬ್ಯಾಡ ಅಂತೀನಿ. ಕೆಲಸ ನಿಂತ್ರೆ ನಿಲ್ಲಲಿ.”

ಹೊಸ ಕಂಪ್ಯೂಟರ್ ಬಂದ ಮೇಲೆ ಸರಿ ಮಾಡುತ್ತೇನೆ ಅಂದೆ. ಕಂಪ್ಯೂಟರ್ ಬಂತು. ನಾನು ಮರೆತೆ. ಅಷ್ಟರಲ್ಲಿ ನೀವು...

ತಾಳ್ಯದ ಕಡೆಯ ಹುಡುಗಿಯೊಬ್ಬಳು ಕೌಂಟರಿಗೆ ಬಂದಾಗ ನಿಮ್ಮ ವರ್ಷದ ತಿಥಿಯೂ ಆಗಿರಲಿಲ್ಲ. ಅವಳ ಮದುವೆ ಗೊತ್ತಾಗಿತ್ತು. ಯಾರೋ ಗಂಡಿನ ಮನೆಗೆ ಫೋನ್ ಮಾಡಿ ಅವಳ ಎಚ್‌ಐವಿ ರಿಪೋರ್ಟನ್ನು ಒಂದಕ್ಷರ ಬಿಡದೆ ಓದಿದ್ದರು. ಅದು ಸೋಂಕಿದೆ ಎಂದಿದ್ದ ಮೊದಲ ಪರೀಕ್ಷೆಯದು. ಎರಡನೆಯದರಲ್ಲಿ ಏನೂ ಇರಲಿಲ್ಲ. ಆದರೆ ಅದನ್ನು ಕೇಳಲು ಗಂಡಿನ ಕಡೆಯವರು ನಿಲ್ಲಲಿಲ್ಲ.

“ನಮ್ಮವ್ವಂಗೂ ನಾನು ಹೇಳಿರ್ಲಿಲ್ಲ. ಅವ್ರಿಗೆ ಹೇಳಿದ್ದು ಯಾರ್ರಿ?” ಎಂದಳು. ಕೂಗಾಡಿದ್ದರೂ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಕೇಳಿದಳು.

ಮಾಲೀಕರು ಕೌಂಟರಿನ ನಾಗವೇಣಿಯನ್ನು ಅನುಮಾನಿಸಿ ಕೆಲಸದಿಂದ ತೆಗೆದರು. ಆಮೇಲೆ ನಾನು ಸರ್ವರ್ ನೋಡಿದೆ. ಎನ್‌ಕ್ರಿಪ್ಶನ್ ನಡೆಯಲು ಬೇಕಾದ ಅದರ ಸರ್ಟಿಫಿಕೇಟಿನ ಅವಧಿ ಎಂದೋ ಮುಗಿದು ಎಲ್ಲಾ ನಿಂತುಹೋಗಿತ್ತು. ಹೊಳಲ್ಕೆರೆಯದಷ್ಟೇ ಅಲ್ಲ, ಮೂರೂ ಊರುಗಳ ರಿಪೋರ್ಟುಗಳು ತಿಂಗಳುಗಟ್ಟಲೆ ಬಯಲಲ್ಲೇ ಹೋಗಿದ್ದವು. ಒಂದು ಎರರ್ ಕೂಡ ಬಂದಿರಲಿಲ್ಲ. ಬಾರದಂತೆ ಮಾಡಿದ್ದು ನಾನೇ ಅಲ್ಲವೇ?

ಮಾಲೀಕರ ಮುಂದೆ ಒಪ್ಪಿಕೊಂಡೆ. ನಾಗವೇಣಿಯನ್ನು ವಾಪಸ್ ಕರೆದರು, ಅವಳು ಬರಲಿಲ್ಲ. ಎನ್‌ಕ್ರಿಪ್ಶನ್ ಇಲ್ಲದ ಯಾವ ಕನೆಕ್ಷನ್ನನ್ನೂ ಸರ್ವರ್ ಈಗ ಒಳಗೆ ಬಿಡುವುದಿಲ್ಲ. ಆದರೆ ಕದ್ದು ಓದಿದವರು ಯಾರೆಂದು ಇನ್ನೂ ತಿಳಿದಿಲ್ಲ. ಹೋದ ವಾರ ಹೊಸದುರ್ಗದ ಒಂದು ಮನೆಗೆ ಫೋನ್ ಬಂತು. ನಿನ್ನೆ ಹಿರಿಯೂರಿಗೆ. ಓದಿದ್ದೆಲ್ಲ ಆ ತಿಂಗಳುಗಳ ರಿಪೋರ್ಟುಗಳೇ.

ಇವತ್ತು ಕೂತು ಆ ತಿಂಗಳುಗಳ ಹೆಸರುಗಳನ್ನೆಲ್ಲ ತೆಗೆದೆ. ಅಕ್ಕ, ಅದರಲ್ಲಿ ನಿಮ್ಮ ಹೆಸರಿದೆ. ರಕ್ತದ ಕ್ಯಾನ್ಸರ್ ಎಂದಿದೆ. ನಾವ್ಯಾರೂ ನೋಡಬಾರದೆಂದು ಹಿರಿಯೂರಿಗೆ ಹೋಗಿ ಮಾಡಿಸಿದ್ದಿರಾ? ಅದನ್ನು ಒಳಗಿಟ್ಟುಕೊಂಡೇ ದಿನಾ ನನ್ನ ಪಕ್ಕದಲ್ಲಿ ಕೂತು...

ಅವ್ವ ಮೂರು ದಿನದ ಜ್ವರಕ್ಕೆ ಹೋದಳು ಅಂತಲೇ ನಿಮ್ಮ ಮಗಳು ನಂಬಿದ್ದಾಳೆ. ನಾಳೆ ಮೊದಲ ಬಸ್ಸಿಗೆ ಚಿಕ್ಕಜಾಜೂರಿಗೆ ಹೊರಡುತ್ತೇನೆ. ಆ ಫೋನ್ ಬರುವ ಮುಂಚೆ ಅವಳ ಮುಂದೆ ನಾನು ಕೂತಿರುತ್ತೇನೆ.

ನಿಮ್ಮ ಮಾತು ಮೀರಿದ,
ತಿಪ್ಪೇಶ